ಎರಡು ಸರ, ಎರಡೂ ಮಣ್ಣು

"ಯಾವ್ದು ಯಾರ ಕೈಯದ್ದು, ಹೇಳಿ ನೋಡೋಣ" ಎಂದು ಪತ್ತೇದಾರ ಎರಡು ಸರಗಳನ್ನು ಅಕ್ಕನ ಕೆಲಸದ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟ.

ಅಕ್ಕ ಕೈಯಲ್ಲಿದ್ದ ಲಟ್ಟಣಿಗೆಯನ್ನು ಕೆಳಗಿಡಲಿಲ್ಲ. ಬಿಳಿ ಟೈಲಿನ ಮೇಲೆ ಹಸಿರು ಕ್ಲೇ ಅರ್ಧ ಹರಡಿತ್ತು. ಅರ್ಧ ಕೆಲಸ ಬಿಟ್ಟು ಏಳುವ ಜಾತಿಯಲ್ಲ ಅವಳು.

"ಎರಡೂ ಮಣ್ಣು ಅಂತ ನಿನ್ನೆಯಿಂದ ಬೀದಿಗೆಲ್ಲ ಗೊತ್ತು. ನನ್ನ ಹತ್ರ ಇನ್ನೇನು ಕೇಳ್ತೀರಿ?"

"ಮಣ್ಣು ಅನ್ನೋದನ್ನ ಕಾದ ಸೂಜಿ ಹೇಳ್ತು. ಯಾರ ಮಣ್ಣು ಅನ್ನೋದನ್ನ ಸೂಜಿ ಹೇಳಲ್ವಲ್ಲ."

ಆಗಿದ್ದು ಇಷ್ಟು. ಡಾಕ್ಟರಮ್ಮನ, ಫಿರೋಜಾ ಎಂಬ ನೀಲಿ ಕಲ್ಲಿನ ಒಂಬತ್ತು ಮಣಿಯ ಸರ ನಕಲು ಮಾಡಿಸಲೆಂದು ಈ ಮನೆಗೆ ಬಂದು, ನಾಲ್ಕು ದಿನ ಇದ್ದು, ಒಂದು ನಕಲಿಯ ಜೊತೆ ಹಿಂದಿರುಗಿತ್ತು. ಹತ್ತು ದಿನ ಕಳೆದು, ನಿನ್ನೆ ಬೆಳಗ್ಗೆ ಅಕ್ಕಸಾಲಿಯ ಅಂಗಡಿಯಲ್ಲಿ ನೋಡಿದರೆ ಅಸಲಿಯೂ ನಕಲಿ! ಕಾದ ಸೂಜಿ ಬೆಣ್ಣೆಗೆ ಇಳಿದ ಹಾಗೆ ಇಳಿದಿತ್ತು.

ಈ ಮಣ್ಣು ಅಂಗಳದ ಮಣ್ಣಲ್ಲ. ಪಾಲಿಮರ್ ಕ್ಲೇ ಎಂದು ಸೋಪಿನ ಬಿಲ್ಲೆಯಷ್ಟು ಪ್ಯಾಕೆಟ್ಟಿನಲ್ಲಿ ಸಿಗುವ, ಕೈಬಿಸಿಗೆ ಮೆತ್ತಗಾಗುವ, ಪುಟ್ಟ ಓವನ್ನಿನಲ್ಲಿ ಅರ್ಧ ಗಂಟೆ ಬೆಂದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಹಿಟ್ಟು. ಅದರಲ್ಲಿ ಹವಳ, ಪಚ್ಚೆ, ಫಿರೋಜಾ ಏನು ಬೇಕಾದರೂ ಮಾಡಿ ನಂಬಿಸಬಲ್ಲವರು ಆ ಊರಿನಲ್ಲಿ ಇಬ್ಬರೇ. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ತಾಯಿಯ ಮಕ್ಕಳು. ಕೆಳಗಿನ ಕೋಣೆಯಲ್ಲಿ ಅಕ್ಕ, ಮಹಡಿಯ ಮೇಲೆ ತಂಗಿ.

ಪತ್ತೇದಾರ ಕುರ್ಚಿ ಎಳೆದು ಕೂತ. ಊರವರು ಅವನಿಗಿಟ್ಟ ಹೆಸರು ಪೆಪ್ಪರ್‌ಮೆಂಟು. ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವನು; ಈಗ ಮನುಷ್ಯರನ್ನು ಬಿಚ್ಚಿ ನೋಡುತ್ತಾನೆ. ಯಾರ ಮೇಲೆ ಅನುಮಾನವೋ ಅವರಿಗೆ ಜೇಬಿನಿಂದ ಒಂದು ಪೆಪ್ಪರ್‌ಮೆಂಟು ತೆಗೆದು ಕೊಡುವುದು ಅವನ ಚಾಳಿ. ಬೆಳಗ್ಗೆ ತಂಗಿಗೆ ಕೊಟ್ಟಿದ್ದ. ಅಕ್ಕನಿಗೆ ಇನ್ನೂ ಕೊಟ್ಟಿರಲಿಲ್ಲ.

"ಐದು ಗಂಟೆಗೆ ಡಾಕ್ಟರಮ್ಮ ಪೊಲೀಸಿಗೆ ದೂರು ಕೊಡ್ತಾರೆ. ದೂರಲ್ಲಿ ನಿಮ್ಮ ತಂಗಿ ಹೆಸರು. ಸರ ಇಸ್ಕೊಂಡಿದ್ದು ಅವ್ರು, ವಾಪಸ್ ಕೊಟ್ಟಿದ್ದೂ ಅವ್ರು. ಈಗ ನಾಲ್ಕೂಕಾಲು. ಈ ಎರಡನೇ ಸರ ಮಾಡಿದ ಕೈ ಯಾರದ್ದು ಅಂತ ಓದಬಲ್ಲವರು ನೀವೊಬ್ರೇ. ನಿಮ್ಮ ಮಾತೇ ಕೊನೆ ಮಾತು."

ಅಕ್ಕ ಮೊದಲನೆಯ ಸರವನ್ನು ಎತ್ತಿದಳು. ಮೂಗಿನ ಹತ್ತಿರ ತಂದು ಕೆಳಗಿಟ್ಟಳು. ಅರೆ ಕ್ಷಣದ ಕೆಲಸ.

"ಇದು ನನ್ನ ತಂಗಿ ಪುಟ್ಟೀದು. ಕೇಳೋದೇ ಬೇಡ. ನಾಲ್ಕು ಸಲ ಉಜ್ಜಿ ವಾರ್ನಿಷ್ ಬಳಿದುಬಿಡ್ತಾಳೆ. ಹೊಳಪು ಮೇಲೆ ಕೂತಿದೆ ನೋಡಿ, ಒಳಗಿಂದ ಬಂದಿಲ್ಲ."

"ಇದು ನಕಲಿ ಅಂತಾನೇ ಕೊಟ್ಟಿದ್ದು. ಸರಿ. ಇನ್ನೊಂದು?"

ಇನ್ನೊಂದನ್ನು ಅಕ್ಕ ಎತ್ತಿದಳು.

ಎತ್ತಿದ್ದೇ ತಡ, ಅವಳ ಕಣ್ಣು ಒಂದು ಕಡೆ ನೆಟ್ಟಿತು. ಐದನೆಯ ಮಣಿಯ ಮೇಲೆ ಒಂದು ಕಂದು ನರ ಮೇಲಿನಿಂದ ಇಳಿದು ನಡುವಿನಲ್ಲಿ ಎರಡು ಕವಲಾಗಿತ್ತು. ಬಲಗಡೆಯ ಕವಲನ್ನು ಹಲ್ಲುಕಡ್ಡಿಯ ತುದಿಯಿಂದ ತಿದ್ದಿದ್ದು ಅವಳಿಗೆ ನೆನಪಿತ್ತು. ಒರಟಿನಿಂದ ನಯದವರೆಗೆ ಏಳು ಬಗೆಯ ಉಪ್ಪುಕಾಗದದಲ್ಲಿ ನೀರು ಹಾಕಿ ಹಾಕಿ ಉಜ್ಜಿ, ಹಳೆಯ ಜೀನ್ಸ್ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ತಂದ ಹೊಳಪು ಇದು. ಹೆತ್ತವಳಿಗೆ ಮಗುವಿನ ಗುರುತು ಸಿಗುವುದಿಲ್ಲವೇ?

ಇದು ಅವಳದೇ ಸರ. ಯಾರಿಗೂ ಗೊತ್ತಿಲ್ಲದ ಹಾಗೆ, ಕದ್ದು, ಬರೀ ಹೊಟ್ಟೆಕಿಚ್ಚಿಗೆ ಮಾಡಿದ್ದು.

ಹೊಟ್ಟೆಕಿಚ್ಚು ಅಂದರೆ ಸುಮ್ಮನೆ ಅಲ್ಲ ಓದುಗರೇ. ಒಲೆಯ ಕಿಚ್ಚಾದರೆ ನೀರು ಸುರಿದು ಆರಿಸಬಹುದು. ಇದು ಒಳಗೊಳಗೇ ಸುಡುತ್ತಾ ಇರುತ್ತದೆ, ಹೊರಗಿನವರಿಗೆ ಹೊಗೆಯೂ ಕಾಣುವುದಿಲ್ಲ. ಅಕ್ಕನಿಗೆ ಹತ್ತಿಕೊಂಡು ಹನ್ನೆರಡು ವರ್ಷವಾಗಿತ್ತು.

ಕ್ಲೇಯನ್ನು ಕಾಳಿನಷ್ಟು ಚೂರು ಮಾಡಿ, ಮೂರು ಬಗೆಯ ನೀಲಿ ಬೆರೆಸಿ, ಚೂರಿನ ಮೈಗೆಲ್ಲ ಕಂದು ಬಣ್ಣ ಸವರಿ, ಒತ್ತಿ ಉಂಡೆ ಮಾಡಿದರೆ ಫಿರೋಜಾದ ನರ ತಾನಾಗಿ ಮೂಡುತ್ತದೆ ಎಂದು ಕಂಡುಕೊಂಡವಳು ಅಕ್ಕ. ತಂಗಿಯನ್ನು ಪಕ್ಕ ಕೂರಿಸಿಕೊಂಡು, ಬೆರಳು ಹಿಡಿದು ಕಲಿಸಿದವಳೂ ಅಕ್ಕ. ಪೇಪರಿನಲ್ಲಿ ಫೋಟೋ ಬಂದದ್ದು ಮಾತ್ರ ತಂಗಿಯದು. ಪ್ರದರ್ಶನದಲ್ಲಿ ರಿಬ್ಬನ್ ಕಟ್ಟಿದ ಮೇಜು ತಂಗಿಯದು, ಮಧ್ಯಾಹ್ನ ಎರಡರಿಂದ ಐದು ಗಂಟೆಯ ತರಗತಿಯೂ ತಂಗಿಯದು. ಕಲಿಸಿದ ಗುರುವಿಗೇ ತಿರುಮಂತ್ರ ಅನ್ನುತ್ತಾರಲ್ಲ, ಹಾಗೆ. ಮನೆಗೆ ಬಂದವರು ಅಕ್ಕನನ್ನು ನೋಡಿ, "ಓ, ನೀವೂ ಮಾಡ್ತೀರಾ?" ಎನ್ನುತ್ತಿದ್ದರು. ಆ "ನೀವೂ" ಕೇಳಿದಾಗೆಲ್ಲ ಅವಳಿಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು.

ಡಾಕ್ಟರಮ್ಮನ ಸರ ಬಂದ ದಿನ ತಂಗಿ ಮೆಟ್ಟಿಲ ಮೇಲಿಂದಲೇ, "ಅಕ್ಕಾ, ಇದು ತುಂಬ ಸೂಕ್ಷ್ಮದ ಕೆಲ್ಸ. ನಿನ್ನ ಕಣ್ಣಿಗೆ ಆಗಲ್ಲ. ನೀನು ಬಳೆ ನೋಡ್ಕೋ ಸಾಕು" ಎಂದಿದ್ದಳು. ಬೇಕೆಂದು ಅಂದಳೋ, ಪ್ರೀತಿಯಿಂದ ಅಂದಳೋ, ಆ ದೇವರಿಗೇ ಗೊತ್ತು. ಅಕ್ಕನ ಕಿಚ್ಚಿಗೆ ಮಾತ್ರ ತುಪ್ಪ ಬಿತ್ತು. ತಂಗಿ ತರಗತಿಗೆ ಹೋದ ಮೂರು ಮಧ್ಯಾಹ್ನ ಅವಳು ಮಹಡಿ ಹತ್ತಿ ಸರದ ಪೆಟ್ಟಿಗೆಯನ್ನು ಕೆಳಗೆ ತಂದಳು. ಮಣಿಗೆ ಮಣಿ, ನರಕ್ಕೆ ನರ ಇಳಿಸಿದಳು. ತೋರಿಸಲು ಅಲ್ಲ, ಮಾರಲು ಅಲ್ಲ. ತನಗೆ ತಾನೇ 'ನೋಡು, ನಿನ್ನ ಕೈಯೇ ಮೇಲು' ಎಂದು ಹೇಳಿಕೊಳ್ಳಲು. ಮಾಡಿ, ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಅಡಗಿಸಿಟ್ಟು, ಅದರ ಮೇಲೆ ಉಪ್ಪುಕಾಗದದ ಕಟ್ಟು ಹೇರಿದ್ದಳು. ಆಮೇಲೆ ಒಂದು ದಿನವೂ ತೆರೆದು ನೋಡಿರಲಿಲ್ಲ. ನೋಡಿದರೆ ಯಾರಿಗಾದರೂ ತೋರಿಸಿಬಿಡುತ್ತೇನೆ ಎಂಬ ಭಯ.

ಆ ಸರ ಈಗ ಡಾಕ್ಟರಮ್ಮನ ಪೆಟ್ಟಿಗೆಯಿಂದ ಎದ್ದು ಬಂದು ಅವಳ ಅಂಗೈಯಲ್ಲಿ ಕೂತಿತ್ತು.

'ಪುಟ್ಟಿಯೇ' ಎಂದುಕೊಂಡಳು ಅಕ್ಕ. 'ಡಬ್ಬ ತೆಗೆದಿದ್ದಾಳೆ. ನನ್ನದನ್ನು ಪೆಟ್ಟಿಗೆಗೆ ಹಾಕಿ ಅಸಲಿಯನ್ನು ನುಂಗಿದ್ದಾಳೆ. ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡ ಮುಖವೇ, ಸಾಕಾಗಲಿಲ್ಲವೇನೇ ನಿನಗೆ?'

ಈಗ ಬಾಯಿ ಬಿಡುವುದೋ ಬೇಡವೋ? ನನ್ನದು ಅಂದರೆ ಕಳ್ಳಿಯ ಪಟ್ಟ ತನಗೆ. ಪುಟ್ಟಿಯದು ಅಂದರೆ ಐದು ಗಂಟೆಗೆ ಪುಟ್ಟಿಯ ಕಥೆ ಮುಗಿಯಿತು. ತರಗತಿ ಮುಗಿಯಿತು, ರಿಬ್ಬನ್ನು ಮುಗಿಯಿತು. ಒಂದು ಮಾತು ಸಾಕು. ಆ ಒಂದು ಮಾತು ಅವಳ ನಾಲಿಗೆಯ ತುದಿಯಲ್ಲಿ ಬೆಲ್ಲದ ಚೂರಿನಂತೆ ಕರಗುತ್ತಿತ್ತು. ಅದರ ರುಚಿಗೆ ಅವಳಿಗೇ ನಾಚಿಕೆಯಾಯಿತು.

"ಏನಾಯ್ತಕ್ಕಾ? ಮೌನ ಆಗ್ಬಿಟ್ರಿ."

"ನೋಡ್ತಾ ಇದೀನಿ."

"ತಂಗೀದೇ ಅಲ್ವಾ? ಹೇಳೋಕೆ ಕಷ್ಟ ಆಗತ್ತೆ, ಒಡಹುಟ್ಟಿದೋಳು. ಬಿಡಿ, ನಿಮ್ಮ ಮೌನಾನೇ ಉತ್ತರ ಅಂತ ಬರ್ಕೋತೀನಿ." ಪೆಪ್ಪರ್‌ಮೆಂಟು ಪುಸ್ತಕ ತೆಗೆದ. ಬರೆಯಲಿಲ್ಲ. ಸರವನ್ನು ಅವಳ ಕೈಯಿಂದ ಮೆಲ್ಲನೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. "ಆದ್ರೂ ಒಂದು ಮಾತು ಹೇಳ್ಬೇಕು. ಏನು ಕೈ ಅಕ್ಕಾ ಆಯಮ್ಮಂದು!"

ಮತ್ತೆ ಕ್ಲೇಯ ಮೇಲೆ ಉರುಳತೊಡಗಿದ್ದ ಅಕ್ಕನ ಲಟ್ಟಣಿಗೆ ನಿಂತಿತು.

"ಇಪ್ಪತ್ತು ವರ್ಷ ಗಡಿಯಾರದ ಹಲ್ಲು ಜೋಡಿಸಿದೋನು ನಾನು. ಸಣ್ಣ ಕೆಲ್ಸ ಅಂದ್ರೆ ಏನು ಅಂತ ನನಗೆ ಗೊತ್ತು. ಈ ಕವಲು ನೋಡಿ, ಆಹಾ! ತೂಕ ನೋಡಿ! ಡಾಕ್ಟರಮ್ಮ ಮೂವತ್ತು ವರ್ಷ ಹಾಕ್ಕೊಂಡ ಸರ. ಹತ್ತು ದಿನ ಇದನ್ನ ಕುತ್ತಿಗೆಗೆ ಹಾಕ್ಕೊಂಡು ಓಡಾಡಿದಾರೆ, ಗೊತ್ತಾಗ್ಲಿಲ್ಲ ಅಂದ್ರೆ!"

"ಹೂಂ" ಎಂದಳು ಅಕ್ಕ.

"ಕಳ್ಳತನ ಕಳ್ಳತನವೇ, ಇಲ್ಲ ಅನ್ನಲ್ಲ. ಆದ್ರೆ ಪೇಪರಿನವರು ಬಿಡ್ತಾರಾ? ಮತ್ತೆ ಫೋಟೋ ಹಾಕ್ತಾರೆ. 'ಅಸಲಿಯನ್ನೂ ಮೀರಿಸಿದ ಕೈ' ಅಂತ. ಜೈಲಿಗೆ ಹೋದ್ರೂ ನಿಮ್ಮ ತಂಗಿ ಹೆಸರು ಅಳಿಯಲ್ಲ ಬಿಡಿ."

"ಸಾಕು ನಿಲ್ಸಿ."

"ಅಕ್ಕಸಾಲಿ ಅಂಗಡೀಲಿ ಹೆಂಗಸ್ರೆಲ್ಲ ಅದನ್ನೇ ಮಾತಾಡ್ತಿದ್ರು. 'ಅವಳ ಅಕ್ಕಾನೂ ಏನೋ ಮಾಡ್ತಾರಂತಲ್ಲ' ಅಂತ ನನ್ನೇ ಕೇಳಿದ್ರು."

"ಏನೋ?" ಅಕ್ಕ ತಲೆಯೆತ್ತಿದಳು. "ಏನೋ ಅಂದ್ರೆ?"

"ಬಳೆಯೋ ಗುಂಡಿಯೋ ಅಂದೆ. ನನಗೇನು ಗೊತ್ತು?"

ಲಟ್ಟಣಿಗೆ ಟೈಲಿನ ಮೇಲೆ ಟಣ್ಣನೆ ಬಿತ್ತು.

"ಗುಂಡಿಯಾ! ಅವಳ ಜನ್ಮದಲ್ಲಿ ಇದನ್ನ ಮಾಡಕ್ಕಾಗಲ್ಲ! ಏಳು ಕಾಗದ ಉಜ್ಜೋ ತಾಳ್ಮೆ ಇದ್ಯಾ ಅವಳಿಗೆ? ಆ ಕವಲು ಬಿಡಿಸೋ ಕೈ ಇದ್ಯಾ? ಇದು ನಂದು ರೀ! ನಾನು ಮಾಡಿದ್ದು! ಬೇಕಾದ್ರೆ ಒಂದು ಮಣಿ ಕೊಯ್ದು ನೋಡಿ, ಒಳಗೆ ಸೀಸ ಇದೆ. ಮೀನಿನ ಗಾಳಕ್ಕೆ ಕಟ್ಟೋ ತೂತಿನ ಸೀಸ. ಕಲ್ಲಿನ ತೂಕ ಬರ್ಲಿ ಅಂತ ಹಾಕಿದ್ದು. ಅದು ಅವಳಿಗೆ ಹೊಳೆಯತ್ತಾ?"

ಪೆಪ್ಪರ್‌ಮೆಂಟು ಮೇಜಿನ ಮೇಲಿದ್ದ ಅವಳದೇ ಬ್ಲೇಡು ತೆಗೆದುಕೊಂಡು, ಸೂಜಿಯ ತೂತು ಬಿದ್ದಿದ್ದ ಮಣಿಯನ್ನು ಒತ್ತಿ ಕೊಯ್ದ. ನೀಲಿ ಸಿಪ್ಪೆ ಎರಡಾಯಿತು. ನಡುವಿನಿಂದ ಬೂದು ಬಣ್ಣದ ಪುಟ್ಟ ಗುಂಡು ಉರುಳಿ ಬಂತು.

ಅವನು ಜೇಬಿಗೆ ಕೈ ಹಾಕಿ ಒಂದು ಪೆಪ್ಪರ್‌ಮೆಂಟು ತೆಗೆದು ಅಕ್ಕನ ಮುಂದಿಟ್ಟ. ಆಗ ಗೊತ್ತಾಯಿತು ಅವಳಿಗೆ, ಈ ಮನುಷ್ಯ ಬೇಕೆಂದೇ ಹೊಗಳಿದ್ದ ಎಂದು. ತನ್ನ ಬಾಯೇ ತನಗೆ ಶತ್ರು ಎಂದು ಹಣೆ ಚಚ್ಚಿಕೊಳ್ಳಬೇಕೆನಿಸಿತು.

"ಅಕ್ಕಾ..."

ತಂಗಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತರಗತಿಗೂ ಹೋಗದೆ ಬೆಳಗ್ಗೆಯಿಂದ ಅತ್ತು ಅತ್ತು ಮೂಗು ಕೆಂಪಾಗಿತ್ತು. ಅವಳ ಕಣ್ಣು ಅಕ್ಕನ ಮೇಲಿರಲಿಲ್ಲ, ಪತ್ತೇದಾರನ ಮೇಲೂ ಇರಲಿಲ್ಲ. ಮೇಜಿನ ಮೇಲಿನ ಸರದಲ್ಲಿ ನೆಟ್ಟಿತ್ತು.

"ಇದು ನೀನು ಮಾಡಿದ್ದಾ?"

"ಹೌದು ಕಣೇ, ನಾನೇ. ಮಾಡಿದ್ದು ನಾನು, ಕದ್ದಿದ್ದು ನಾನಲ್ಲ!" ಅಕ್ಕ ಪತ್ತೇದಾರನ ಕಡೆ ತಿರುಗಿದಳು. "ಡಬ್ಬದಲ್ಲಿ ಬಚ್ಚಿಟ್ಟಿದ್ದೆ. ಅಲ್ಲಿಂದ ಯಾರೋ ಎತ್ತಿ ಪೆಟ್ಟಿಗೇಲಿ ಹಾಕಿದಾರೆ. ಯಾರು ಅಂತ ನಾನು ಹೇಳಲ್ಲ. ಬನ್ನಿ, ಖಾಲಿ ಡಬ್ಬ ತೋರಿಸ್ತೀನಿ. ನಿಮ್ಮ ಕಣ್ಣಾರೆ ನೋಡಿ."

ಕಪಾಟಿನ ಕೆಳಗಿನ ಅರೆಯಿಂದ ಡಬ್ಬ ಎಳೆದಳು. ಉಪ್ಪುಕಾಗದದ ಕಟ್ಟನ್ನು ಬದಿಗೆ ಸರಿಸಿದಳು. ತಗಡಿನ ಮುಚ್ಚಳ ಬಿಗಿಯಾಗಿತ್ತು. ಉಗುರು ಹಾಕಿ ಎಬ್ಬಿಸಬೇಕಾಯಿತು.

ಡಬ್ಬ ಖಾಲಿ ಇರಲಿಲ್ಲ.

ಒಂಬತ್ತು ನೀಲಿ ಮಣಿಗಳು ಸುರುಳಿ ಸುತ್ತಿಕೊಂಡು ಮಲಗಿದ್ದವು. ಅಕ್ಕ ಬೆಪ್ಪಾಗಿ ನೋಡಿದಳು. ತನ್ನ ಸರ ಮೇಜಿನ ಮೇಲಿದೆ. ಹಾಗಾದರೆ ಇದು? ಕೈ ಹಾಕಿ ಎತ್ತಿ, ಅಭ್ಯಾಸದಂತೆ ಕೆನ್ನೆಗೆ ಒತ್ತಿಕೊಂಡಳು. ತಣ್ಣಗೆ, ಬಾವಿಯ ನೀರಿನಷ್ಟು ತಣ್ಣಗೆ ತಗುಲಿತು. ಮಣ್ಣು ಎಂದೂ ಅಷ್ಟು ತಣ್ಣಗಿರುವುದಿಲ್ಲ.

"ಕೊಡಿ ಇಲ್ಲಿ" ಎಂದ ಪೆಪ್ಪರ್‌ಮೆಂಟು. ಲೈಟರಿನ ಉರಿಗೆ ಸೂಜಿ ಹಿಡಿದು, ಕೆಂಪಗಾದ ತುದಿಯನ್ನು ಮಣಿಯ ತೂತಿನ ಅಂಚಿಗೆ ಮುಟ್ಟಿಸಿದ. ಹೊಗೆಯಿಲ್ಲ, ವಾಸನೆಯಿಲ್ಲ, ಕಲೆಯೂ ಇಲ್ಲ. "ಅಸಲಿ. ಇದು ಡಾಕ್ಟರಮ್ಮನ ಸರ."

ಅಕ್ಕ ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೇ ಕೂತುಬಿಟ್ಟಳು.

"ಕೊನೇ ದಿನ ಏನು ಮಾಡಿದ್ರಿ, ಒಂದೊಂದಾಗಿ ಹೇಳಿ" ಎಂದ ಅವನು. ದನಿ ಮೆತ್ತಗಾಗಿತ್ತು.

"ಎರಡನ್ನೂ ಆ ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದೆ. ಬಿಸಿಲಲ್ಲಿ ಬಣ್ಣ ಒಂದೇ ಥರ ಕಾಣತ್ತಾ ನೋಡೋಣ ಅಂತ. ನೋಡ್ತಾ ನೋಡ್ತಾ ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ. ಗೇಟಿನ ಸದ್ದಾಯ್ತು, ಪುಟ್ಟಿ ಬಂದ್ಲು ಅಂತ ಗಾಬರಿ. ಒಂದನ್ನ ಡಬ್ಬಕ್ಕೆ ಹಾಕ್ದೆ, ಒಂದನ್ನ ಪೆಟ್ಟಿಗೆಗೆ..." ಮಾತು ಅಲ್ಲೇ ನಿಂತಿತು.

"ಬಿಸಿಲಿಗೆ ಕಲ್ಲೂ ಬೆಚ್ಚಗಾಗಿತ್ತು. ತೂಕಕ್ಕೆ ಸೀಸ ಇತ್ತು. ಬಣ್ಣ ಒಂದೇ, ನರ ಒಂದೇ." ಪೆಪ್ಪರ್‌ಮೆಂಟು ಪಕಪಕನೆ ನಕ್ಕುಬಿಟ್ಟ. "ಅಯ್ಯೋ ರಾಮಾ! ನಿಮ್ಮ ನಕಲಿಗೆ ನೀವೇ ಮೋಸ ಹೋದ್ರಲ್ಲಕ್ಕಾ!"

ಅಕ್ಕನಿಗೂ ನಗು ಬಂತು. ಮೊದಲು ಉಸಿರು ಬಂತು, ಅದರ ಹಿಂದೆ ನಗು, ಅದರ ಹಿಂದೆ ಅಳು. ಕಳ್ಳರೇ ಇರಲಿಲ್ಲ! ಪುಟ್ಟಿ ಕದ್ದಿಲ್ಲ, ತಾನೂ ಕದ್ದಿಲ್ಲ. ತಂಗಿಯನ್ನು ಮನಸ್ಸಿನಲ್ಲೇ ಕಳ್ಳಿ ಮಾಡಿ ಜೈಲಿಗೆ ಕಳಿಸಿದ್ದಳಲ್ಲ, ಥೂ, ಎಂಥ ಪಾಪಿ ತಾನು! ಎದ್ದು ಹೋಗಿ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೂ ಸುಳ್ಳೇಕೆ, ಎದೆಯ ಇನ್ನೊಂದು ಮೂಲೆಯಲ್ಲಿ ಬೇರೆಯೇ ಒಂದು ಖುಷಿ ಕುಣಿಯುತ್ತಿತ್ತು. ಮಾಡಿದವಳಿಗೇ ಗುರುತು ಸಿಗದಂಥ ಕೆಲಸ! ಪುಟ್ಟಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ. ಕೇಳಿಸಿಕೊಳ್ಳಲಿ.

"ಇದು ಕಳ್ಳತನ ಅಲ್ಲ, ಕಣ್ತಪ್ಪು" ಎಂದು ಪೆಪ್ಪರ್‌ಮೆಂಟು ಫೋನು ತೆಗೆದ. "ದೂರು ಗೀರು ಏನೂ ಬೇಡ ಅಂತ ಡಾಕ್ಟರಮ್ಮನಿಗೆ ಹೇಳ್ಬಿಡ್ತೀನಿ. ಇನ್ನೂ ನಾಲ್ಕೂಮುಕ್ಕಾಲು."

"ಒಂದು ನಿಮಿಷ" ಎಂದಳು ತಂಗಿ.

ಅವಳು ಒಳಗೆ ಬಂದಳು. ಅಕ್ಕನ ಮಡಿಲಿನಿಂದ ಡಬ್ಬವನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಮೇಜಿನ ಮೇಲಿಟ್ಟಳು.

"ಮೊನ್ನೆ ಮಧ್ಯಾಹ್ನ ಅಕ್ಕ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದಾಗ ನಾನು ಈ ಡಬ್ಬ ತೆಗೆದಿದ್ದೆ. ಆಗ ಇದ್ರಲ್ಲಿ ಏನೂ ಇರ್ಲಿಲ್ಲ."

ಪೆಪ್ಪರ್‌ಮೆಂಟಿನ ಬೆರಳು ಫೋನಿನ ಮೇಲೆಯೇ ನಿಂತಿತು.

"ಏನಂದ್ರಿ?"

"ಖಾಲಿ ಡಬ್ಬ. ತಳ ಕಾಣ್ತಿತ್ತು."

"ಸುಳ್ಳು!" ಅಕ್ಕ ದಡಬಡಿಸಿ ಎದ್ದಳು. "ನನ್ನ ಡಬ್ಬ ನೀನು ಯಾಕೆ ತೆಗೀತೀಯೇ? ಅಲ್ಲಿ ಇರೋದು ಉಪ್ಪುಕಾಗದ. ಎರಡು ಸಾವಿರ ನಂಬರಿನ ಕಾಗದ ನೀನು ಯಾವತ್ತು ಮುಟ್ಟಿದೀಯ? ವಾರ್ನಿಷ್ ಬಳಿಯೋಳು ನೀನು! ಕೇಳಿ ಇವಳನ್ನ, ಉಪ್ಪುಕಾಗದ ಇವಳಿಗೆ ಯಾತಕ್ಕೆ ಅಂತ ಕೇಳಿ!"

ಪೆಪ್ಪರ್‌ಮೆಂಟು ಕೇಳಬೇಕಾಗಲಿಲ್ಲ.

"ನಿನ್ನ ಥರ ಹೊಳಪು ಬರಿಸೋದು ಹೇಗೆ ಅಂತ ನೋಡೋಕೆ" ಎಂದಳು ತಂಗಿ. "ನಿನ್ನ ಕೈ ಕೆಲ್ಸ ನಂಗೆ ಬರಲ್ಲ ಅಕ್ಕಾ. ಯಾವತ್ತೂ ಬಂದಿಲ್ಲ. ಜನ ನನ್ನ ಹೊಗಳಿದಾಗೆಲ್ಲ, ನೀನು ಕೆಳಗೆ ಕೂತು ಉಜ್ತಿರೋ ಸದ್ದು ಕೇಳಿ ನನ್ನ ಹೊಟ್ಟೆ ಉರಿಯೋದು. ನೀನು ಮನೇಲಿಲ್ದಾಗ ಬಂದು ನಿನ್ನ ಕಾಗದ, ನಿನ್ನ ಬಟ್ಟೆ ಎಲ್ಲ ಮುಟ್ಟಿ ನೋಡ್ತೀನಿ. ಎಷ್ಟೋ ವರ್ಷದಿಂದ."

ಇದೇ ಮಾತು. ಇದೊಂದೇ ಮಾತನ್ನು ಪುಟ್ಟಿಯ ಬಾಯಿಂದ ಕೇಳಬೇಕೆಂದು ಅಕ್ಕ ಹನ್ನೆರಡು ವರ್ಷ ಕಾದಿದ್ದಳು. ಮೊನ್ನೆ ಮಧ್ಯಾಹ್ನ ಪುಟ್ಟಿ ತರಗತಿಯಲ್ಲಿದ್ದಳಲ್ಲ ಎಂಬುದು ಆ ಮಾತಿನ ಸವಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

"ಮೊನ್ನೆ ಖಾಲಿ, ಇವತ್ತು ಭರ್ತಿ" ಎಂದ ಪೆಪ್ಪರ್‌ಮೆಂಟು ನಿಧಾನವಾಗಿ. "ಹಾಗಾದ್ರೆ ಇದು ಕಣ್ತಪ್ಪಲ್ಲ. ಅಸಲಿ ಬೇರೆಲ್ಲೋ ಇತ್ತು. ನಿನ್ನೆ ಗುಟ್ಟು ರಟ್ಟಾದ ಮೇಲೆ ಯಾರೋ ಹೆದ್ರಿ ತಂದು ಇಲ್ಲಿಟ್ಟಿದಾರೆ. ನೋಡಮ್ಮಾ, ಯೋಚ್ನೆ ಮಾಡಿ ಹೇಳು. ಡಬ್ಬ ಖಾಲಿ ಇತ್ತು ಅಂತ ಬರೆದು ಸಹಿ ಹಾಕ್ತೀಯಾ? ಹಾಕಿದ್ರೆ ನಿಮ್ಮಕ್ಕ ಇವತ್ತು ರಾತ್ರಿ ಈ ಮನೇಲಿರಲ್ಲ."

ತಂಗಿ ಕಣ್ಣೊರೆಸಿಕೊಂಡಳು. ಮೇಜಿನ ಮೇಲೆ ಕೊಯ್ದು ಬಿದ್ದಿದ್ದ ನೀಲಿ ಮಣಿಯ ಅರ್ಧವನ್ನು ಎತ್ತಿ, ಅದರ ಹೊಳಪಿನ ಮೇಲೆ ಹೆಬ್ಬೆರಳಾಡಿಸಿದಳು. ಅಕ್ಕನ ಮುಖ ನೋಡಲಿಲ್ಲ.

"ಪೆನ್ನು ಕೊಡಿ" ಎಂದಳು.